ಮುಚ್ಚಳದಕ್ಕನಿಗೆ ಅತ್ತೆಯ ಮೂಗು

ಬೀದಿದೀಪಗಳು ಇನ್ನೂ ಆರಿಲ್ಲ. ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿ ಮಿಠಾಯಿ ಗೋದಾಮಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಗೋಡೆಗೆ ಅಂಗೈ ಊರಿ ನಿಂತಿದ್ದಾರೆ. ಗೋಡೆ ತಣ್ಣಗಿದೆಯೇ, ತೇವ ಏರಿದೆಯೇ ಎಂದು ನೋಡುವುದು ಅವರ ದಿನದ ಮೊದಲ ಕೆಲಸ. ಆಮೇಲೆ ಗಟ್ಟಿ ಮಿಠಾಯಿಯ ಡಬ್ಬಿಯೊಂದನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಒಳಗಿನವರೆಲ್ಲ ಕ್ಷೇಮ. ದಪ್ ಅಂದರೆ ನೀರಿನ ಪಸೆ ಹೊಕ್ಕು ಒಂದಕ್ಕೊಂದು ಅಂಟಿಕೊಂಡಿವೆ ಎಂದು ಲೆಕ್ಕ. ಇಷ್ಟಾದ ಮೇಲೆ ಕಡಲೆಬೀಜದ ಟಾಫಿಯ ಡಬ್ಬಿ ಇಳಿಸಿ, ಮುಚ್ಚಳವನ್ನು ಸ್ವಲ್ಪವೇ ಸರಿಸಿ, ಬಾಗಿಲ ಬಳಿ ಕುರ್ಚಿಯಲ್ಲಿ ಕೂತ ಮುದುಕಿಯ ಮುಂದೆ ಹಿಡಿಯುತ್ತಾರೆ.

ಮುದುಕಿ ಕಣ್ಣು ಮುಚ್ಚಿ ಮೂಸುತ್ತಾರೆ. "ಹ್ಞೂಂ, ಚೆನ್ನಾಗಿದೆ. ಮುಂದಿನದು ತಗೊಂಬಾ. ನನ್ ಮುಖ ಏನ್ ನೋಡ್ತಾ ನಿಂತೆ?"

ಆ ಮುದುಕಿ ಇವರ ಅತ್ತೆ. ಸೊಸೆಗೆ ಓಣಿಯವರೆಲ್ಲ ಇಟ್ಟ ಹೆಸರು ಮುಚ್ಚಳದಕ್ಕ. ಯಾರು ಡಬ್ಬಿ ಮುಟ್ಟಿದರೂ ಮೂಲೆಯಿಂದ "ಮುಚ್ಚಳ!" ಎಂದು ಕೂಗುವ ಅಭ್ಯಾಸದಿಂದ ಬಂದ ಬಿರುದು ಅದು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತದೆ ಎಂದು ಅವರೇ ನಗುತ್ತಾರೆ.

"ಸಕ್ಕರೆ ಅಲ್ವಾ, ಏನಾಗುತ್ತೆ ಅಂತಾರೆ ಜನ. ಸಕ್ಕರೆಯಷ್ಟು ಚಾಡಿಕೋರ ಯಾರೂ ಇಲ್ಲ. ಪಕ್ಕದಲ್ಲಿ ಏನಿದೆಯೋ ಅದನ್ನೇ ಹೀರ್ಕೊಂಡು ತಿಂದವರ ನಾಲಿಗೆಗೆ ಹೇಳ್ಬಿಡುತ್ತೆ" ಎನ್ನುತ್ತಾರೆ ಮುಚ್ಚಳದಕ್ಕ. ಅವರ ಗೋದಾಮಿನಲ್ಲಿ ಡಬ್ಬಿಗಳು ನೆಲಕ್ಕೂ ತಾಗುವುದಿಲ್ಲ, ಗೋಡೆಗೂ ಒರಗುವುದಿಲ್ಲ; ಮರದ ಹಲಗೆಗಳ ಮೇಲೆ, ಸುತ್ತ ಗಾಳಿಯಾಡುವಂತೆ ನಿಂತಿವೆ. ಗಟ್ಟಿ ಮಿಠಾಯಿಗೂ ಮೆತ್ತನೆಯದಕ್ಕೂ ಒಂದೇ ಡಬ್ಬಿಯಲ್ಲಿ ಸಂಸಾರವಿಲ್ಲ. ಇದು ಒಣಗುತ್ತದೆ, ಅದು ಅಂಟುತ್ತದೆ, ಕೊನೆಗೆ ಎರಡೂ ಕೆಡುತ್ತವೆ. ತಣ್ಣನೆಯ ಕೋಣೆಯಿಂದ ಹೊರತಂದ ಚಾಕಲೇಟನ್ನು ಆ ಕ್ಷಣವೇ ಬಿಚ್ಚಿದರೆ ಬೆವರುತ್ತದೆ. ಹಾಗಾಗಿ ಡಬ್ಬಿಯ ತಂಪು ಇಳಿಯುವ ತನಕ ಮುಚ್ಚಳ ತೆಗೆಯುವಂತಿಲ್ಲ, ಗಿರಾಕಿ ಎಷ್ಟೇ ಕುಣಿಯಲಿ. ದಿನಕ್ಕೆ ಇನ್ನೂರಕ್ಕೂ ಹೆಚ್ಚು ಡಬ್ಬಿ ಅವರ ಕೈ ದಾಟಿ ಹೋಗುತ್ತವೆ, ಮೊದಲು ಬಂದದ್ದು ಮೊದಲು.

ಕೈ ಗೋಡೆಯನ್ನು ನೋಡುತ್ತದೆ, ಕಿವಿ ಡಬ್ಬಿಯನ್ನು ಕೇಳುತ್ತದೆ. ಆದರೆ ಬೀಜದ ಎಣ್ಣೆ ಕಮಟಾಗಿದೆಯೇ, ಹಾಲಿನ ಟಾಫಿಗೆ ಮುಗ್ಗಲು ಬಡಿದಿದೆಯೇ ಎಂದು ಹೇಳಬೇಕಾದದ್ದು ಮೂಗು. ಕಳೆದ ಚಳಿಗಾಲ ಜ್ವರ ಬಂದು ಹೋಗುವಾಗ ಮುಚ್ಚಳದಕ್ಕನ ಆ ಮೂಗನ್ನೇ ಹೊತ್ತುಕೊಂಡು ಹೋಯಿತು.

ಅವರು ಯಾರಿಗೂ ಹೇಳಲಿಲ್ಲ. ಗಂಡ ಬಸ್ಸು ತೊಳೆಯುವ ಕೆಲಸದಲ್ಲಿದ್ದಾರೆ. ಇಬ್ಬರೂ ದುಡಿದರೇ ಮನೆಯ ಬಂಡಿ ಮುಂದೆ ಹೋಗುವುದು. ಇವತ್ತು ಬಂದೀತು, ನಾಳೆ ಬಂದೀತು ಎಂದು ಡಬ್ಬಿ ಮೂಸುವ ನಟನೆ ಮಾಡುತ್ತ ದಿನ ದೂಡಿದರು. ಒಂದು ಸಂಜೆ ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಅತ್ತೆ ಮೂಗು ಅರಳಿಸಿದರು: "ಏನೇ ಇದು, ಪೆಪ್ಪರಮಿಂಟಿಗೂ ಚಾಕಲೇಟಿಗೂ ಮದುವೆ ಮಾಡಿಸಿ ಬಂದಿದೀಯಾ? ಮೈಯೆಲ್ಲಾ ಅದೇ ವಾಸನೆ."

ಸೊಸೆ ಬಂದ ಕಾಲಲ್ಲೇ ಗೋದಾಮಿಗೆ ಓಡಿದರು. ಪೆಪ್ಪರಮಿಂಟಿನ ಡಬ್ಬಿಯೊಂದರ ಮುಚ್ಚಳ ಸಡಿಲವಾಗಿ, ಪಕ್ಕದ ಚಾಕಲೇಟಿನ ಸಾಲಿಗೆ ಸಾಲೇ ಅದರ ಘಾಟು ಹೀರಿ ಕೂತಿತ್ತು. ಮುಚ್ಚಳ ಮುಚ್ಚಳ ಎಂದು ಊರಿಗೆಲ್ಲ ಬುದ್ಧಿ ಹೇಳಿದವರಿಗೆ ತಮ್ಮ ಮಗ್ಗುಲಲ್ಲಿದ್ದ ಮುಚ್ಚಳವೇ ತಿಳಿಯಲಿಲ್ಲ. "ಅಲ್ಲೇ ಕೂತು ಅತ್ತುಬಿಟ್ಟೆ. ಚಾಕಲೇಟು ಹೋಯ್ತು ಅಂತಲ್ಲ. ನಾನು ಹೋದೆ ಅಂತ" ಎನ್ನುತ್ತ ಅವರು ಕೈಯಲ್ಲಿನ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತುತ್ತಾರೆ.

ಮರುದಿನ ಗೋದಾಮಿನ ಯಜಮಾನರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬಾಗಿಲಲ್ಲಿ ಅತ್ತೆಯೂ ನಿಂತಿದ್ದರು, ಕರೆಯದೆಯೇ ಬಂದವರು. "ಅವಳಿಗೆ ಮೂಗಿಲ್ಲ ಅಷ್ಟೇ, ಬೇರೆಲ್ಲಾ ಇದೆ. ಮೂಗು ನಾನ್ ಕೊಡ್ತೀನಿ" ಎಂದರಂತೆ. ಯಜಮಾನರು ತಲೆ ಕೆರೆದುಕೊಂಡರು. "ಆಗ್ಲಿ, ನೋಡೋಣ. ಆದ್ರೆ ಕೆಟ್ಟ ಡಬ್ಬಿ ಒಂದು ಹೊರಗೆ ಹೋದ್ರೂ ಇಬ್ರೂ ಮನೇಲೇ ಇರ್ಬೇಕಾಗುತ್ತೆ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಎರಡೂ ಕಾಲ ಒಟ್ಟಿಗೇ ನಡೆದಿತ್ತು, ಹಾವು ಮುಂಗುಸಿಯ ಹಾಗೆ. ಜಗಳದ ಮೂಲ ಅತ್ತೆಯ ತಲೆ ಎಣ್ಣೆ. ಮನೆಯೆಲ್ಲ ಗಮ್ಮೆನ್ನುವ ಆ ಎಣ್ಣೆಯ ವಾಸನೆ ಬಟ್ಟೆಗೆ ಹತ್ತಿ, ಬಟ್ಟೆಯಿಂದ ಮಿಠಾಯಿಗೆ ಹತ್ತೀತೆಂದು ಸೊಸೆ ಕೆಲಸದ ಬಟ್ಟೆಯನ್ನು ಹೊರಗಿನ ಗೂಟಕ್ಕೇ ನೇತುಹಾಕುತ್ತಿದ್ದರು. ಬಿಡಿ ಎಂದರೆ "ನನ್ ತಲೆ, ನನ್ ಎಣ್ಣೆ" ಎಂಬ ಉತ್ತರ. ಗೋದಾಮಿಗೆ ಬಂದ ದಿನ ಅದೇ ಅತ್ತೆ ಎರಡೆರಡು ಸಲ ತಲೆ ತೊಳೆದುಕೊಂಡು ಬಂದರು. ಅಂದಿನಿಂದ ಎಣ್ಣೆ ಮುಟ್ಟಿಲ್ಲ. ಬಿಳಿಗೂದಲು ಒಣ ನಾರಿನಂತೆ ಹಾರುತ್ತದೆ.

ಹೊತ್ತು ಮೂಡುವಷ್ಟರಲ್ಲಿ ಟಾಫಿ ಒಯ್ಯುವ ವ್ಯಾನು ಬಂದು ನಿಂತಿದೆ. ಮೇಲಿನ ಸಾಲಿನ ಡಬ್ಬಿಯೊಂದರ ಮುಂದೆ ಅತ್ತೆ ತಲೆ ಅಲ್ಲಾಡಿಸುತ್ತಾರೆ. "ಇದು ಬೇಡ. ಕಮಟು."

ಹಮಾಲಿ ಮೂಸುತ್ತಾನೆ. "ಘಮಘಮ ಅಂತಿದೆಯಲ್ಲ ಅಜ್ಜಿ!" ಯಜಮಾನರೂ ಮೂಸುತ್ತಾರೆ. "ನನಗೂ ಏನೂ ಗೊತ್ತಾಗ್ತಿಲ್ಲ. ಅಜ್ಜಿಗೆ ವಯಸ್ಸಾಯ್ತು ನೋಡಿ, ನೆಗಡಿ ಗಿಗಡಿ ಇರ್ಬೇಕು."

ಎಲ್ಲರೂ ಮುಚ್ಚಳದಕ್ಕನತ್ತ ತಿರುಗುತ್ತಾರೆ. ಅಭ್ಯಾಸಬಲದಿಂದ ಅವರೂ ಬಗ್ಗಿ ಮೂಸುತ್ತಾರೆ. ಏನೂ ಇಲ್ಲ, ಬರೀ ಗಾಳಿ. ಅತ್ತೆಯ ಮಾತು ಸುಳ್ಳಾದರೆ ಆ ಮೂಗಿನ ಮೇಲಿನ ನಂಬಿಕೆ ಹೋಗುತ್ತದೆ. ನಿಜವಾಗಿದ್ದು ಡಬ್ಬಿ ಹೊರಟರೆ ಕೆಲಸವೇ ಹೋಗುತ್ತದೆ. ಅವರು ಮುಚ್ಚಳ ಒತ್ತಿ ಮುಚ್ಚಿ ಡಬ್ಬಿಯನ್ನು ಅತ್ತೆಯ ಕಾಲ ಬಳಿ ಇಡುತ್ತಾರೆ. "ನಮ್ಮತ್ತೆ ಬೇಡ ಅಂದ್ರೆ ಬೇಡ."

ಯಜಮಾನರು ಗೊಣಗುತ್ತ ಮತ್ತೆ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಇಳಿಸಿ, ತಳದ ಟಾಫಿಯೊಂದನ್ನು ಬಿಚ್ಚಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಅಗಿಯುವುದು ನಿಲ್ಲುತ್ತದೆ. ಹೊರಗೆ ಹೋಗಿ ಉಗಿದು ಬಂದು ಹಮಾಲಿಗೆ ಹೇಳುತ್ತಾರೆ: "ಇದ್ರ ಜೊತೆ ಬಂದಿದ್ದನ್ನೆಲ್ಲಾ ಅಜ್ಜಿ ಮುಂದೆ ತಂದಿಡು. ವ್ಯಾನ್ ಕಾಯ್ಲಿ."

ವ್ಯಾನು ಹೋದ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ಮುಚ್ಚಳದಕ್ಕನನ್ನು ಕೇಳಿದರೆ ಕೈಯಲ್ಲಿದ್ದ ತೆರೆದ ಡಬ್ಬಿ ಕೆಳಗಿಟ್ಟು ಯೋಚಿಸುತ್ತಾರೆ.

"ಮೂಗು ವಾಪಸ್ ಬರ್ಬೇಕು. ಬಂದ ದಿನ ಮಿಠಾಯಿ ಗಿಠಾಯಿ ಮೂಸಲ್ಲ. ಅತ್ತೆ ಎಣ್ಣೆ ಇದೆಯಲ್ಲ, ಅದನ್ನ ತಂದು ನಾನೇ ಅವರ ತಲೆಗೆ ಹಚ್ಚಿ, ಪಕ್ಕದಲ್ಲೇ ಕೂತ್ಕೋತೀನಿ."

ಕುರ್ಚಿಯಲ್ಲಿದ್ದ ಅತ್ತೆ ಕೇಳಿಸದವರಂತೆ ಬೀದಿ ನೋಡುತ್ತಾರೆ. ಹಾರುವ ಕೂದಲನ್ನು ಕಿವಿಯ ಹಿಂದೆ ಸೇರಿಸುತ್ತಾರೆ.

"ನಿನ್ ಮೂಗು ಬಂದ್ರೆ ನನ್ ಕೆಲಸ ಹೋಗುತ್ತೆ. ಜೀವಮಾನದಲ್ಲಿ ಸಿಕ್ಕಿದ್ದು ಇದೊಂದೇ ಕೆಲಸ." ಆಮೇಲೆ ಸೊಸೆಯತ್ತ ತಿರುಗಿ, "ಹೋಗ್ಲಿ ಬಿಡು. ಬರ್ಲಿ. ಈಗ ಮಾತು ಸಾಕು, ಡಬ್ಬಿ ತೆರೆದಿಟ್ಟು ನಿಂತಿದೀಯ ನೋಡು. ಮುಚ್ಚಳ!"