ಕಾಟಾದ ತಾತ ತೂಗಿದ ನಾಲ್ಕು ಕಿಲೋ

ದೇವದುರ್ಗದ ಆ ಮನೆಯಲ್ಲಿ ಡಬ್ಬಿಯ ಮುಚ್ಚಳ ತೆರೆದದ್ದೇ ತಡ, ವೆನಿಲ್ಲಾ ವಾಸನೆ ಮೂಗಿಗೆ ಬಡಿಯಿತು. ವೆನಿಲ್ಲಾ ಎಂಬುದು ಡಬ್ಬಿಯ ಮೇಲಿನ ಮಾತು. ನಿಜಕ್ಕೂ ಅದು ಹಾಲಿನ ಪುಡಿಗೆ ಸೆಂಟು ಹೊಡೆದ ವಾಸನೆ. ಮಾನ್ವಿಯ ನಮ್ಮ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ತೂಕ ಮಾಡಿದ ಮುದುಕ ತೀರಿಕೊಂಡು ತಿಂಗಳಾಗಿತ್ತು. ಅವನ ಮಗಳನ್ನು ಮಾತನಾಡಿಸಿಕೊಂಡು ಬರಲು ಹೋಗಿದ್ದೆ. ಅವಳು ನನಗೆಂದು ಚಹಾಕ್ಕೆ ಇಟ್ಟು, ತನಗೆಂದು ಒಂದು ಲೋಟ ನೀರಿಗೆ ಆ ಪುಡಿ ಹಾಕಿ ಕಲಸುತ್ತಿದ್ದಳು. ಬೇರೆ ಯಾವ ಮನೆಯಲ್ಲಾದರೂ ಆ ವಾಸನೆ ಸಹಿಸುತ್ತಿದ್ದೆ, ಈ ಮನೆಯಲ್ಲಿ ಆಗಲಿಲ್ಲ...

ತೂಗುವ ಯಂತ್ರಕ್ಕೆ ನಮ್ಮ ಕಡೆ ಕಾಟಾ ಎನ್ನುತ್ತಾರೆ. ಹಾಗಾಗಿ ಅವನು ಊರಿಗೆಲ್ಲ ಕಾಟಾದ ತಾತ. ಭತ್ತದ ಕಾಳನ್ನು ಹಲ್ಲಿನಲ್ಲಿ ಕಡಿದು "ಹಸಿ ಅದ" ಎಂದರೆ ಮುಗಿಯಿತು. ಬಾಗಲವಾಡದಿಂದ ಗಾಡಿ ತಂದ ರೈತರೂ ಸುಮ್ಮನಾಗುತ್ತಿದ್ದರು, ಗಿರಣಿ ನಡೆಸುವ ನಮ್ಮ ಮನೆಯವರೂ ಸುಮ್ಮನಾಗುತ್ತಿದ್ದರು. ಕೊಡುವವನೂ ಕೊಳ್ಳುವವನೂ ಒಟ್ಟಿಗೆ ನಂಬುವ ಮನುಷ್ಯ ಊರಿಗೊಬ್ಬ ಸಿಕ್ಕರೆ ಹೆಚ್ಚು. ಅಂಥವನ ಕಾಟಾದ ಮೇಲೆ ನಾವು ಹತ್ತು ಜನ ಹೆಂಗಸರು ಸಾಲುಗಟ್ಟಿ ಹತ್ತಿ ನಿಲ್ಲುವ ಕಾಲ ಬಂತು.

ಆ ಕಾಲ ತಂದವಳು ತೂಕ ಇಳಿಸುವ ಪುಡಿ ಮಾರುವ ರಾಯಚೂರಿನ ಕೋಚ್ ಮೇಡಂ. ಶುಕ್ರವಾರ ಶುಕ್ರವಾರ ಬರುತ್ತಿದ್ದಳು. ಏನು ಓದಿದ್ದಳೋ ದೇವರೇ ಬಲ್ಲ. ಹಿಂದಿನ ವರ್ಷ ಅದೇ ಬಾಯಿಂದ ಸೀರೆ ಮಾರುತ್ತಿದ್ದಳಂತೆ. ಅವಳ ಪ್ರಕಾರ ರೊಟ್ಟಿ ವಿಷ, ಅನ್ನ ವಿಷ. ಬೆಳಿಗ್ಗೆ ಒಂದು ಲೋಟ ಪುಡಿ, ಸಂಜೆ ಒಂದು ಲೋಟ ಪುಡಿ, ನಡುವೆ ಸೌತೆಕಾಯಿ. ಎರಡು ಜೋಳದ ರೊಟ್ಟಿ ತಿಂದು ಹೊತ್ತು ಮುಳುಗುವತನಕ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವ ಹೆಂಗಸರ ನಾಡಿಗೆ ಬಂದು, ರೊಟ್ಟಿಯಿಂದ ಬೊಜ್ಜು ಬರುತ್ತದೆ ಎಂದಳು. ಉಂಡ ತಟ್ಟೆಯನ್ನೂ ಎತ್ತಿಡದ ನಾವು ಹೌದು ಹೌದೆಂದು ತಲೆಯಾಡಿಸಿದೆವು. ಅಕ್ಕಿ ಗಿರಣಿಯ ಸೊಸೆಯಾದ ನಾನು ಅನ್ನ ಕಂಡರೆ ಮೂಗು ಮುರಿಯತೊಡಗಿದೆ. ಬುದ್ಧಿ ಅನ್ನುವುದು ಮೈಯಿಗಿಂತ ಮೊದಲೇ ಇಳಿದುಹೋಗಿತ್ತು.

ಮನೆಯ ತೂಕದ ಯಂತ್ರಗಳು ಒಂದೊಂದು ಒಂದೊಂದು ಹೇಳುತ್ತವೆಂದು, ಊರು ನಂಬುವ ಕಾಟಾದಲ್ಲೇ ತೂಗಿಸುವುದೆಂದಾಯಿತು. ಮೊದಲ ದಿನ ನಾನು ಹತ್ತಿ ನಿಂತಾಗ ತಾತ ಒಂದು ಎನ್ನದೆ, ಚೀಲ ಎಣಿಸುವ ರೂಢಿಯಂತೆ "ಲಾಭ" ಎಂದು ಶುರುಮಾಡಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಎರಡು ವಾರಕ್ಕೆ ನಾನು ನಾಲ್ಕು ಕಿಲೋ ಇಳಿದಿದ್ದೆ. ಕೋಚ್ ಮೇಡಂ ಚಪ್ಪಾಳೆ ಹೊಡೆದು, "ಹೊಟ್ಟೆ ಸ್ವಲ್ಪ ಒಳಗೆಳ್ಕೊಳ್ಳಿ ಮೇಡಂ" ಎಂದು ಫೋಟೋ ತೆಗೆದಳು. ನಾನು ಎಳೆದುಕೊಂಡೆ. ಅದೇ ಸಂಜೆ ಅದು ಊರವರ ಮೊಬೈಲುಗಳಲ್ಲೆಲ್ಲ ಓಡಾಡಿತು. ತಾತನಿಗೆ ಮಾತ್ರ ನಗು ಬರಲಿಲ್ಲ.

"ಯವ್ವಾ, ಹಸಿ ಭತ್ತ ಅಂಗಳದಾಗ ಹರವಿದ್ರ ತೂಕ ಇಳೀತದ. ಕಾಳು ಕಡಿಮಿ ಆದ್ವೇನು? ನೀರು ಹೋತು, ಅಷ್ಟ. ಬರೋ ಗುರುವಾರ ಎಳ್ಳಮಾಸಿ ಅದ. ಹೊಲಕ್ಕ ಹೋಗಿ ಉಂಡು ಬರ್ರಿ, ಮರುದಿನ ತೂಗಿ ನೋಡೂಣು."

ಎಳ್ಳ ಅಮಾವಾಸ್ಯೆಗೆ ಚೀಕಲಪರ್ವಿಯ ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣ್ಣಿಸಿದ ಮೇಲೆ ನಾವು ಉಣ್ಣದೆ ಏಳುವಂತಿಲ್ಲ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು, ಶೇಂಗಾ ಹೋಳಿಗೆ... ಮೂರು ವಾರದ ಹಸಿವನ್ನು ಒಂದೇ ಊಟದಲ್ಲಿ ತೀರಿಸಿಕೊಂಡೆ. ಮರುದಿನ ಶುಕ್ರವಾರ ಕಾಟಾ ಹತ್ತಿದೆ.

"ಮೂರೂವರಿ ಕಿಲೋ ಹೊಳ್ಳಿ ಬಂದಾವ!" ಎಂದು ತಾತ ಚೀಲದ ತೂಕ ಕೂಗುವ ದನಿಯಲ್ಲೇ ಕೂಗಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರೀಕ್ಷೆ ಅಲ್ಲಿಗೇ ಮುಗಿದಿತ್ತು. ಆದರೆ ಪುಡಿಯ ವ್ಯಾಪಾರ ಮುಗಿಯಬಾರದಿತ್ತಲ್ಲ! ಕೋಚ್ ಮೇಡಂ ಸೀದಾ ನಮ್ಮ ಮನೆಯವರ ಹತ್ತಿರ ಹೋಗಿ, ಮುದುಕ ಬೇಕೆಂದೇ ಕಾಟಾದ ಮೇಲೆ ಕಾಲು ಒತ್ತಿ ತೂಕ ಏರಿಸಿದ ಎಂದಳು.

ನಮ್ಮ ಮನೆಯವರು ಎಲ್ಲರೆದುರು ನನ್ನನ್ನು ಕೇಳಿದರು. "ನೀನs ನಿಂತಿದ್ದಿ, ನೀನs ಹೇಳು. ಕಾಲು ಒತ್ತಿದ್ನೇನು?"

ತೂಗುವಾಗ ತಾತ ನನ್ನಿಂದ ಎರಡು ಮಾರು ದೂರ ನಿಂತಿದ್ದ. ನನ್ನ ಕಣ್ಣಾರೆ ಕಂಡಿದ್ದೆ. ಆದರೆ ಊರವರೆಲ್ಲ ನೋಡಿ ಮೆಚ್ಚಿದ ಆ ಫೋಟೋ ಸುಳ್ಳಾಗುತ್ತದಲ್ಲ ಎಂಬ ನಾಚಿಕೆಯೇ ದೊಡ್ಡದಾಯಿತು.

"ನಾ ನೋಡ್ಲಿಲ್ಲ" ಎಂದೆ.

ತಾತ ಸಿಟ್ಟಾಗಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಕಾಟಾ ಒರೆಸಿದ. "ಕಾಲು ಒತ್ತ್ಯಾನ ಅಂತ ಮಾತು ಬಂದ ಮ್ಯಾಲ ರೈತರು ನನ್ನ ಕೈಲೆ ತೂಗಸ್ತಾರೇನ್ರಿ, ಸಾವಕಾರ್ರ?" ಎಂದ. ಇರು ಎಂದರೂ ಇರಲಿಲ್ಲ. ದೇವದುರ್ಗಕ್ಕೆ, ಮಗಳ ಮನೆಗೆ ಹೊರಟುಹೋದ. ನನ್ನ ಮೈಯೋ, ಬಿಟ್ಟ ನಾಲ್ಕು ಕಿಲೋದ ಜೊತೆಗೆ ಇನ್ನೊಂದನ್ನು ಕರೆದುಕೊಂಡು ತಿಂಗಳೊಳಗೆ ಮನೆಗೆ ಮರಳಿತು. ಆ ಪುಡಿಯನ್ನು ಎಮ್ಮೆಯೂ ಮೂಸಲಿಲ್ಲ. ಎಮ್ಮೆಗಿದ್ದಷ್ಟು ತಿಳಿವಳಿಕೆ ನನಗಿರಲಿಲ್ಲ.

"ಇದನ್ಯಾಕ ಕುಡಿಯಾಕತ್ತೀಯವ್ವಾ?" ಎಂದು ದೇವದುರ್ಗದ ಆ ಮನೆಯಲ್ಲಿ ತಾತನ ಮಗಳನ್ನು ಕೇಳಿದೆ.

ಅವಳು ಮೊಬೈಲ್ ತೆಗೆದು ತೋರಿಸಿದಳು. ನಾನೇ. ಹೊಟ್ಟೆ ಒಳಗೆಳೆದುಕೊಂಡು, ಹಲ್ಲು ಕಿರಿದು ನಿಂತ ನಾನು... ಆ ಕೋಚ್ ಇನ್ನೂ ನನ್ನನ್ನು ತೋರಿಸಿಯೇ ಮಾರುತ್ತಿದ್ದಳು.

"ಅಪ್ಪ ಬ್ಯಾಡ ಅಂದಿದ್ನ್ರಿ. ಗಿರಣಿ ಅಕ್ಕಾರ ಸುಳ್ಳು ಹೇಳ್ತಾರೇನು ಅಂತ ಜಗಳಾ ಮಾಡಿ ತರಿಸಿಕೊಂಡೆ."

"ಅದಕ್ಕ ಅಪ್ಪ ಏನಂದ?"

"ಏನೂ ಅನ್ಲಿಲ್ರಿ. ನಿಮ್ಮ ಫೋಟೋ ನೋಡಿ ಸುಮ್ನಾದ."

ಮೊಬೈಲನ್ನು ಅವಳ ಕಡೆಗೇ ಸರಿಸಿದೆ. "ಅದು ಬರೇ ನೀರವ್ವಾ. ನಿಮ್ಮಪ್ಪ ಅಂದದ್ದs ಖರೆ. ಅಂವ ಕಾಲು ಒತ್ತಿರಲಿಲ್ಲ, ನಾ ನೋಡಿದ್ದೆ."

"ಯಾವ ಕಾಲ್ರಿ, ಅಕ್ಕಾರ?" ಎಂದಳು.

ತಾತ ಅದನ್ನು ಮಗಳಿಗೂ ಹೇಳಿರಲಿಲ್ಲ. ಮೊದಲಿನಿಂದ ಎಲ್ಲವನ್ನೂ ನಾನೇ ಹೇಳಿದೆ. ಅವಳು ಲೋಟದ ಪುಡಿನೀರನ್ನು ಬಚ್ಚಲಿಗೆ ಸುರಿದು ಬಂದಳು. ಆಮೇಲೆ ನನಗೆಂದು ಕುದಿಯುತ್ತಿದ್ದ ಚಹಾದ ಒಲೆ ಆರಿಸಿದಳು.