ಯುಫೋನಿಯಂ ಗಂಡೋ ಹೆಣ್ಣೋ

ಮೊನ್ನೆ ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನ ಬಾಗಿಲು ತೆರೆದದ್ದೇ ತಡ, ಹಿತ್ತಾಳೆ ಪಾಲಿಶಿನ ವಾಸನೆ ಮೂಗಿಗೆ ಅಡರಿತು. ಎದುರು ಮನೆಯಾಕೆ ದೀಪಾವಳಿಗೆಂದು ಹಿತ್ತಾಳೆ ಸಾಮಾನನ್ನೆಲ್ಲ ಬಾಗಿಲ ಮುಂದೆ ಹರಡಿಕೊಂಡು ಹಳೇ ಬನಿಯನ್ನಿನಿಂದ ತಿಕ್ಕುತ್ತ ಕುಳಿತಿದ್ದಳು. ಸೀಮೆಎಣ್ಣೆಯಂಥದ್ದೇ ಒಂದು ಘಾಟು ಅದು. ಬೇರೆಯವರಾದರೆ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ನಾನು ಕೊತ್ತಂಬರಿ ಚೀಲ ಹಿಡಿದು ಅಲ್ಲೇ ನಿಂತು ಇನ್ನೊಂದು ಸಲ ಉಸಿರೆಳೆದುಕೊಂಡೆ. ಆಕೆ ಗಾಬರಿಯಾಗಿ, "ಆಂಟೀಜೀ, ತಬಿಯತ್ ಠೀಕ್ ಹೈ?" ಎಂದಳು. ತಬಿಯತ್ತೇನೋ ಸರಿಯಾಗಿಯೇ ಇತ್ತು. ಸರೋಜಿನಿ ನಗರದ ನಮ್ಮ ಮೇಲಿನ ಮನೆಯ ಮಾಸ್ಟರ್‌ಜೀ ನೆನಪಾಗಿದ್ದರು, ಅಷ್ಟೆ.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಮೆಟ್ರೋ ಬರುತ್ತದೆಂದು ದೆಹಲಿಯ ಅರ್ಧ ರಸ್ತೆಗಳನ್ನು ಅಗೆದು ಹಾಕಿದ್ದ ಕಾಲ. ನನಗೆ ದಾವಣಗೆರೆಯಿಂದ ಇಲ್ಲಿಯ ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾಯಿತು, ಸರೋಜಿನಿ ನಗರದಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ನಮ್ಮವರು ಮಾನೇಸರಿನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಬೆಳಕು ಹರಿಯುವ ಹೊತ್ತಿಗೇ ಕಂಪನಿ ಬಸ್ಸು ಹತ್ತತೊಡಗಿದರು. ಮಗಳು ಪುಟ್ಟಿಯನ್ನು ಹತ್ತಿರದ ಶಾಲೆಯಲ್ಲಿ ಐದನೇ ಕ್ಲಾಸಿಗೆ ಸೇರಿಸಿದೆವು. ಎಲ್ಲ ಸುಸೂತ್ರವಾಯಿತು ಎಂದುಕೊಂಡು ನಾನು ಪರದೆಗೆ ಬಟ್ಟೆ ಆರಿಸುವುದರಲ್ಲಿ ಮುಳುಗಿದ್ದೆ. ಅಷ್ಟರಲ್ಲಿ ಪುಟ್ಟಿಯ ಬಾಯಿಗೆ ಬೀಗ ಬಿತ್ತು.

ಆದದ್ದು ಇಷ್ಟೇ. ಮೊದಲ ವಾರ ಅವಳು ಟೀಚರಿಗೆ ಪೆನ್ಸಿಲ್ಲು ಮುರಿಯಿತು ಎನ್ನಲು "ಪೆನ್ಸಿಲ್ ಟೂಟ್ ಗಯಾ" ಎಂದಳಂತೆ. ಇಡೀ ಕ್ಲಾಸು ನಕ್ಕಿತಂತೆ. ಗಯಾ ಅಲ್ಲ, ಗಯೀ. ಹಿಂದಿಯಲ್ಲಿ ಪೆನ್ಸಿಲ್ಲು ಹೆಣ್ಣಂತೆ! ನೀವೇ ಹೇಳಿ, ಪೆನ್ಸಿಲ್ಲು ಹೆಣ್ಣು ಅಂತ ನಮಗೆ ಹೇಗೆ ಹೊಳೆಯಬೇಕು? ಕನ್ನಡದಲ್ಲಿ ಮೇಜು, ಕುರ್ಚಿ, ಮೊಸರು, ಮೋಟಾರು ಎಲ್ಲವೂ ಒಂದೇ 'ಅದು'. ನಾನಂತೂ ತರಕಾರಿ ಭಯ್ಯಾನ ಹತ್ತಿರ ಬೆಂಡೆಕಾಯಿಯನ್ನು ಗಂಡು ಮಾಡಿ, ಆಲೂಗಡ್ಡೆಯನ್ನು ಹೆಣ್ಣು ಮಾಡಿ, ಅವನು ನಕ್ಕರೆ ನಾನೂ ನಕ್ಕು ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿಸಿಕೊಂಡು ಬರುತ್ತಿದ್ದೆ. ಹತ್ತು ವರ್ಷದ ಹುಡುಗಿಗೆ ಆ ದಪ್ಪ ಚರ್ಮ ಎಲ್ಲಿಂದ ಬರಬೇಕು? ಅವಳಿಗೆ 'ಗಯಾ-ಗಯೀ' ಅಂತಲೇ ಹೆಸರಿಟ್ಟರು. ಅವಳು ಶಾಲೆಯಲ್ಲಿ ಮಾತಾಡುವುದನ್ನೇ ಬಿಟ್ಟಳು.

ದಸರೆ ರಜೆಗೆ ಮೊದಲು ಕ್ಲಾಸ್ ಟೀಚರ್ ನನ್ನನ್ನು ಕರೆಸಿದರು. ಬರೆಯುವುದೆಲ್ಲ ಚೆನ್ನಾಗಿದೆ, ಆದರೆ ಓರಲ್‌ನಲ್ಲಿ ಎಲ್ಲ ವಿಷಯಕ್ಕೂ ಸೊನ್ನೆ, ಹೀಗೇ ಆದರೆ ಮಾರ್ಚಿನಲ್ಲಿ ಮತ್ತೆ ಐದನೇ ಕ್ಲಾಸಿನಲ್ಲೇ ಕೂರಿಸಬೇಕಾಗುತ್ತದೆ ಎಂದರು. ಹೊರಗೆ ಬರುವಾಗ ನೋಟೀಸ್ ಬೋರ್ಡಿನಲ್ಲಿ ಕಂಡಿತು: ಶಾಲೆಯಲ್ಲಿ ಬ್ಯಾಂಡ್ ಶುರುವಾಗುತ್ತದೆ, ಆಸಕ್ತ ಮಕ್ಕಳು ತಮ್ಮ ವಾದ್ಯ ತಾವೇ ತರಬೇಕು. ಬ್ಯಾಂಡಿನಲ್ಲಿ ಗಯಾ ಇಲ್ಲ, ಗಯೀ ಇಲ್ಲ, ನಾಲ್ಕು ಮಕ್ಕಳ ಜೊತೆಯಾದರೂ ಸೇರುತ್ತಾಳೆ ಎಂದು ಅಲ್ಲೇ ನಿಂತು ಹೆಸರು ಬರೆಸಿಬಿಟ್ಟೆ. ಯಾವ ವಾದ್ಯ ಎಂಬ ಕಾಲಮ್ಮು ಖಾಲಿ ಬಿಟ್ಟೆ.

ಮನೆಯಲ್ಲಿ ಚರ್ಚೆ ನಡೆಯಿತು. ನಮ್ಮವರು ಡ್ರಮ್ ಕೊಡಿಸೋಣ ಎಂದರು. "ನಿಂಗೆ ನನ್ ಮೇಲೆ ಸಿಟ್ಟು ಬಂದಾಗ ನೀನೂ ಬಾರಿಸ್ಬೋದು" ಎಂದು ಬೇರೆ ಸೇರಿಸಿದರು. ನನಗೆ ಚಿಕ್ಕದಾಗಿ, ಚೊಕ್ಕವಾಗಿ, ಬೀರುವಿನೊಳಗೆ ಹಿಡಿಸುವಂಥದ್ದು ಬೇಕಿತ್ತು. ಪುಟ್ಟಿಯನ್ನು ಯಾರೂ ಕೇಳಲಿಲ್ಲ. ಒಂದು ಶನಿವಾರ ಜನಪಥದ ಫುಟ್‌ಪಾತಿನಲ್ಲಿ ಫಳಫಳ ಹೊಳೆಯುವ ಪುಟಾಣಿ ತುತ್ತೂರಿ ಕಂಡಿತು. ಕೆಂಪು ದಾರದ ಗೊಂಡೆ ಬೇರೆ ಕಟ್ಟಿದ್ದರು. ಬಹಳ ಚೌಕಾಸಿ ಮಾಡಿ ಗೆದ್ದವಳಂತೆ ಹಿಡಿದುಕೊಂಡು ಬಂದೆ.

ಮೆಟ್ಟಿಲ ಮೇಲೆ ಮಾಸ್ಟರ್‌ಜೀ ಸಿಕ್ಕಿದರು. ಮೇಲಿನ ಮನೆಯ ಗುಮಾಸ್ತರ ತಂದೆ. ರೋಹ್ಟಕ್ ಕಡೆಯವರು, ಸೇನೆಯ ಬ್ಯಾಂಡಿನಲ್ಲಿ ಊದಿ ನಿವೃತ್ತರಾದವರು. ಆರಡಿ ಎತ್ತರ, ತಿರುವಿದ ಬಿಳಿ ಮೀಸೆ. ಪ್ರತಿ ಭಾನುವಾರ ಮೆಟ್ಟಿಲ ಮೇಲೆ ಕೂತು ಒಂದು ದೊಡ್ಡ ಹಿತ್ತಾಳೆ ವಾದ್ಯಕ್ಕೆ ಪಾಲಿಶ್ ಹಾಕುತ್ತಿದ್ದರು. ಆ ಘಾಟು ನಮ್ಮ ಸಾರಿನ ಒಗ್ಗರಣೆಯನ್ನೂ ಮೀರಿ ಅಡುಗೆಮನೆಗೆ ಬರುತ್ತಿತ್ತು. ಅಲ್ಲಿಯವರೆಗೆ ಅವರಿಗೆ ನಮಸ್ತೇ ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವಳಲ್ಲ ನಾನು. ಅವರು ನನ್ನ ತುತ್ತೂರಿಯನ್ನು ತಿರುಗಿಸಿ ನೋಡಿದರು, ಒಳಗೊಂದು ಕಣ್ಣಿಟ್ಟು ನೋಡಿದರು, ಬಹಳ ಮರ್ಯಾದೆಯಿಂದ ವಾಪಸ್ ಕೊಟ್ಟರು.

"ಬೇಟೀ, ಇದರಲ್ಲಿ ಹೂವಿಡು. ಚೆಂದ ಕಾಣ್ತದೆ" ಎಂದರು ತಮ್ಮ ಹಿಂದಿಯಲ್ಲಿ.

ಡ್ರಾಯಿಂಗ್ ರೂಮಿನ ಶೋಪೀಸನ್ನು ಬ್ಯಾಂಡಿಗೆ ತಂದಿದ್ದೆ! ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು. ಆ ನಾಚಿಕೆಯಲ್ಲೇ ಪುಟ್ಟಿಯ ಕಥೆಯನ್ನೆಲ್ಲ, ಪೆನ್ಸಿಲ್ಲು, ಗಯಾ-ಗಯೀ, ಮತ್ತೆ ಐದನೇ ಕ್ಲಾಸು, ಎಲ್ಲವನ್ನೂ ನನ್ನ ಹರಕು ಹಿಂದಿಯಲ್ಲಿ ಅವರ ಮುಂದೆ ಸುರಿದುಬಿಟ್ಟೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ, "ದಿನಾ ಸಂಜೆ ಈ ಮೆಟ್ಟಿಲ ಮೇಲೆ ಬಸ್ಸು ಬಿಡೋದು ನಿನ್ನ ಮಗಳೇ ಏನು?" ಎಂದು ಕೇಳಿದರು.

ಹೌದು, ಅವಳೇ. ಗೆಳತಿಯರಿಲ್ಲದ ಹುಡುಗಿ ಸಂಜೆ ಒಬ್ಬಳೇ ಕೂತು ಸ್ಟೀಲ್ ತಟ್ಟೆಯನ್ನು ಸ್ಟೇರಿಂಗ್ ಮಾಡಿಕೊಂಡು, ತುಟಿ ನಡುಗಿಸಿ 'ಬುರ್ರ್...' ಎಂದು ದಾವಣಗೆರೆಯಿಂದ ಹರಿಹರಕ್ಕೆ ಬಸ್ಸು ಓಡಿಸುತ್ತಿದ್ದಳು. ಇಷ್ಟು ದೊಡ್ಡವಳಾಗಿ ಎಂಥ ಆಟ ಎಂದು ನಾನು ಗದರುತ್ತಿದ್ದೆ. ಆ ಬುರ್ರೇ ಅವಳು ಇಡೀ ದಿನದಲ್ಲಿ ಹೊರಡಿಸುತ್ತಿದ್ದ ದೊಡ್ಡ ಸದ್ದು.

"ನಾಳೆ ಕಳಿಸು" ಎಂದರು ಮಾಸ್ಟರ್‌ಜೀ.

ಮರುದಿನ ನಾನೂ ಹಿಂದೆಯೇ ಹೋದೆ. ಅವರು ಬಿಸ್ಕತ್ತಿನ ಡಬ್ಬಿಯಿಂದ ಬಾಯಿಗಿಟ್ಟು ಊದುವ ಮೂರು ಹಿತ್ತಾಳೆ ತುದಿಗಳನ್ನು ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಒಂದು ಕುಂಕುಮದ ಬಟ್ಟಲಷ್ಟು, ಒಂದು ಅದಕ್ಕಿಂತ ದೊಡ್ಡದು, ಇನ್ನೊಂದು ಹೆಚ್ಚುಕಡಿಮೆ ಕಾಫಿ ಲೋಟದ ತಳದಷ್ಟು. ವಾದ್ಯ ಆಮೇಲೆ, ಮೊದಲು ತುಟಿ ಏನು ಹೇಳ್ತದೆ ನೋಡೋಣ ಎಂದು, ಪುಟ್ಟಿಗೆ ಬಸ್ಸು ಬಿಡಲು ಹೇಳಿದರು. ಚಿಕ್ಕದರಲ್ಲಿ ಬಿಟ್ಟಳು, ಸೊಳ್ಳೆ ಅತ್ತಂತಾಯಿತು. ಎರಡನೆಯದರಲ್ಲೂ ಅಷ್ಟಕ್ಕಷ್ಟೆ. ದೊಡ್ಡದನ್ನು ತುಟಿಗೊತ್ತಿಕೊಂಡು 'ಬುರ್ರ್' ಎಂದಳು ನೋಡಿ... ಒಳ್ಳೆ ದಪ್ಪನೆಯ, ತುಂಬಿದ ಸದ್ದು. ಮಾಸ್ಟರ್‌ಜೀ ಎದ್ದು ಒಳಗೆ ಹೋಗಿ, ಭಾನುವಾರ ಪಾಲಿಶ್ ಹಾಕುತ್ತಿದ್ದ ಆ ವಾದ್ಯವನ್ನೇ ಎತ್ತಿಕೊಂಡು ಬಂದರು. ಅದರ ಹೆಸರು ಯುಫೋನಿಯಂ ಎಂದು ನನಗೆ ಅವತ್ತೇ ಗೊತ್ತಾದದ್ದು. ನಮ್ಮ ಊರಿನ ನೀರೊಲೆಯ ಹಂಡೆಗೆ ಕೊಳವೆ ಸುತ್ತಿದ ಹಾಗಿತ್ತು. ಅದನ್ನು ತೊಡೆಯ ಮೇಲಿಟ್ಟಾಗ ನನ್ನ ಸಣಕಲು ಮಗಳು ಅದರ ಹಿಂದೆ ಮರೆಯಾಗಿಯೇ ಹೋದಳು, ಎರಡು ಜಡೆ ಮಾತ್ರ ಕಾಣುತ್ತಿದ್ದವು.

ಇದು ಬೇಡ, ಹೆಣ್ಣುಮಗು, ಕೊಳಲಿನಂಥದ್ದು ಏನಾದರೂ ನೋಡಿ ಎಂದೆ. ಅವರು ನನ್ನತ್ತ ತಿರುಗಲೇ ಇಲ್ಲ. ಪುಟ್ಟಿಯನ್ನೇ ಕೇಳಿದರು: "ಬಿಟಿಯಾ, ಹೇಳು, ಇದು ಗಂಡೋ ಹೆಣ್ಣೋ?"

ಪುಟ್ಟಿಯ ಮುಖ ಬಿಳಿಚಿಕೊಂಡಿತು. ಅದೇ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ತಾನೇ ಅವಳು ಬಾಯಿ ಮುಚ್ಚಿಕೊಂಡಿದ್ದು? ನನಗೆ ಮುದುಕರ ಮೇಲೆ ಕೋಪವೇ ಬಂತು. ಅವಳು ನನ್ನ ಮುಖ ನೋಡಿದಳು, ಕೊಳವೆಯೊಳಗೆ ನೋಡಿದಳು, ಕೊನೆಗೆ ಪಿಸುಗುಟ್ಟಿದಳು: "ಪತಾ ನಹೀ."

"ನನಗೂ ಪತಾ ನಹೀ" ಎಂದರು ಮಾಸ್ಟರ್‌ಜೀ ನೆಮ್ಮದಿಯಾಗಿ. "ಇಷ್ಟು ವರ್ಷ ಊದಿದೆ, ಇವತ್ತಿನ ತನಕ ಗೊತ್ತಾಗಿಲ್ಲ. ಇಂಗ್ಲಿಷರ ಬಾಜಾ. ನಿಮ್ಮ ಶಾಲೆಯಲ್ಲಿ ಯಾರಿಗೂ ಗೊತ್ತಿರಲ್ಲ, ಟೀಚರಿಗೂ ಗೊತ್ತಿರಲ್ಲ. ಇದರ ಬಗ್ಗೆ ನೀನು ಏನಂದ್ರೆ ಅದೇ ಸರಿ."

ಪುಟ್ಟಿ ಆ ಹಂಡೆಯ ಹಿಂದಿನಿಂದ ಕತ್ತು ಹೊರಗೆ ಹಾಕಿ ನಿಜವೇ ಎಂಬಂತೆ ಅವರನ್ನೇ ನೋಡಿದಳು. "ಸಚ್ಚೀ?" ಎಂದಳು. ತಿಂಗಳುಗಳ ಮೇಲೆ ಅವಳು ಮನೆಯವರಲ್ಲದವರನ್ನು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ವಾದ್ಯದ ಆಯ್ಕೆ ಅಲ್ಲಿಗೆ ಮುಗಿಯಿತು. ನನ್ನನ್ನು ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ ಎನ್ನಿ.

ಆಮೇಲೆ ದಿನಾ ಸಂಜೆ ಮೇಲಿನಿಂದ ಎಮ್ಮೆ ಕೂಗಿದಂಥ ಸದ್ದು. ಪಕ್ಕದ ಬ್ಲಾಕಿನವರು ಮೊದಮೊದಲು ಕಿಟಕಿ ಹಾಕಿಕೊಂಡರು, ಬರಬರುತ್ತ ರೂಢಿ ಮಾಡಿಕೊಂಡರು. ಗುರುವಾರ ಬ್ಯಾಂಡಿನ ದಿನ. ಅವತ್ತು ಮಾಸ್ಟರ್‌ಜೀ ತಮ್ಮ ಸೈಕಲ್ಲಿನ ಕ್ಯಾರಿಯರಿಗೆ ಯುಫೋನಿಯಂ ಕಟ್ಟಿಕೊಂಡು, ಪಕ್ಕದಲ್ಲಿ ಪುಟ್ಟಿಯನ್ನು ನಡೆಸಿಕೊಂಡು ಶಾಲೆಗೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ಅದು ಗಂಡೇ ಹೆಣ್ಣೇ ಎಂದು ಇಬ್ಬರಿಗೂ ವಾದ. ಒಂದು ದಿನ ಪುಟ್ಟಿ ಹೆಣ್ಣೆಂದರೆ ಅವರು ಒಪ್ಪುತ್ತಿದ್ದರು, ಮರುವಾರ ಗಂಡೆಂದರೆ ಅದಕ್ಕೂ ತಲೆಯಾಡಿಸುತ್ತಿದ್ದರು. ಅಂಥ ಮೀಸೆಯ ಮನುಷ್ಯ ಹತ್ತು ವರ್ಷದವಳಿಂದ ತಿದ್ದಿಸಿಕೊಂಡು "ಅಚ್ಛಾ, ಅಚ್ಛಾ" ಎನ್ನುತ್ತ ಹೋಗುವುದನ್ನು ನೋಡಿದರೆ ನನಗೆ ನಗು ತಡೆಯುತ್ತಿರಲಿಲ್ಲ.

ಫೆಬ್ರವರಿ ಬಂತು. ಮಾರ್ಚಿಗೆ ಒಂದೇ ತಿಂಗಳು. ಊದುವುದೇನೋ ಬಂದಿತ್ತು, ಕ್ಲಾಸಿನಲ್ಲಿ ಬಾಯಿ ಬಂದಿರಲಿಲ್ಲ. ಒಂದು ಗುರುವಾರ ನಾನು ಜ್ವರವೆಂದು ರಜೆ ಹಾಕಿ ಮನೆಯಲ್ಲಿದ್ದೆ. ಮಧ್ಯಾಹ್ನ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ವಾದ್ಯವನ್ನು ಶಾಲೆಯಲ್ಲೇ ಬಿಟ್ಟು ಬಂದ ಪುಟ್ಟಿ ನಮ್ಮ ಬಾಗಿಲು ದಾಟಿ ಸೀದಾ ಮೇಲಕ್ಕೆ ಓಡಿದಳು. ನಾನು ಶಾಲು ಹೊದ್ದು ಮೆಟ್ಟಿಲಲ್ಲೇ ನಿಂತು ಕಿವಿಗೊಟ್ಟೆ. ಅವಳು ಹಿಂದಿಯಲ್ಲಿ ಒಂದೇ ಸಮನೆ ಸುರಿಸುತ್ತಿದ್ದಳು.

ಬ್ಯಾಂಡಿನ ಕೋಣೆಗೆ ಬೀಗವಿತ್ತೆಂದು ಅವತ್ತು ಕ್ಲಾಸಿನಲ್ಲೇ ಬೋರ್ಡಿನ ಪಕ್ಕ ಇಟ್ಟಿದ್ದ ವಾದ್ಯವನ್ನು ನೋಡಿ ಟೀಚರು ಇದೇನೆಂದು ಕೇಳಿದರಂತೆ. ಇವಳು ಎದ್ದು ನಿಂತು, "ಯೇ ಮೇರಾ ಯುಫೋನಿಯಂ ಹೈ" ಎಂದಳಂತೆ. ಹಿಂದಿನ ಬೆಂಚಿನಿಂದ ಅಭ್ಯಾಸಬಲದಿಂದ ಒಬ್ಬ ಕೂಗಿದನಂತೆ, ಮೇರಾ ಅಲ್ಲ, ಮೇರೀ! ಇವಳು ತಿರುಗಿ, "ತುಝೆ ಕೈಸೆ ಪತಾ?" ಎಂದಳಂತೆ. ಹೇಗೆ ಗೊತ್ತೆಂದು ಅವನಿಗೇ ಗೊತ್ತಿರಲಿಲ್ಲ. ಟೀಚರೂ ತಡವರಿಸಿದರಂತೆ. ಕ್ಲಾಸು ಎರಡು ಹೋಳಾಗಿ ಜಗಳವಾಡಿತಂತೆ. ಕೊನೆಗೆ ಟೀಚರು, ಇಷ್ಟೆಲ್ಲ ಗೊತ್ತಿರುವವಳು ನೀನೇ ವಿವರಿಸು ಎಂದು ಇವಳನ್ನು ಮುಂದೆ ಕರೆದರಂತೆ. ಪೀರಿಯಡ್ ಮುಗಿಯುವವರೆಗೂ ಇವಳದೇ ಭಾಷಣ. ಒಳಗಿನ ಎಂಜಲು ನೀರನ್ನು ಹೇಗೆ ಹೊರಗೆ ಬಿಡುವುದೆಂದು ತೋರಿಸಿ ಮೊದಲ ಬೆಂಚಿನವರಿಂದ ಛೀ ಅನ್ನಿಸಿಕೊಂಡೂ ಬಂದಿದ್ದಳು. ಅಷ್ಟು ಹೊತ್ತಿನಲ್ಲಿ ಅದೆಷ್ಟು ಗಂಡುಗಳನ್ನು ಹೆಣ್ಣು ಮಾಡಿದ್ದಳೋ, ಯಾರೂ ಲೆಕ್ಕ ಇಟ್ಟಿರಲಿಲ್ಲ. ಮಾಸ್ಟರ್‌ಜೀ ಗಹಗಹಿಸಿ ನಗುವುದು ಕೇಳಿಸಿತು. ನಾನು ಮೆಟ್ಟಿಲ ಮೇಲೆ ಕೂತು ಒಳ್ಳೆ ಹುಚ್ಚಿಯ ಹಾಗೆ ಅತ್ತೆ.

ಮಾರ್ಚಿನಲ್ಲಿ ಆರನೇ ಕ್ಲಾಸಿಗೆ ಪಾಸಾದಳು. ಓರಲ್‌ನಲ್ಲಿ ಬಂದದ್ದು ಅಂಚಿನ ಮಾರ್ಕು, ಆದರೂ ಪಾಸು.

ಅವಳು ಒಂಬತ್ತನೇ ಕ್ಲಾಸಿಗೆ ಬಂದಾಗ ಮಾಸ್ಟರ್‌ಜೀಯ ಮಗನಿಗೆ ವರ್ಗವಾಗಿ ಮನೆ ಖಾಲಿ ಮಾಡಿದರು. ಮಾಸ್ಟರ್‌ಜೀ ರೋಹ್ಟಕ್ಕಿನ ಸ್ವಂತ ಮನೆಗೆ ಹೊರಟರು. ಪುಟ್ಟಿ ವಾದ್ಯವನ್ನು ತಿಕ್ಕಿ ತೊಳೆದು ಒಪ್ಪಿಸಿದಳು. ಬನ್ನಿ ಎಂದು ಅವರು ಕರೆದರು, ಬರ್ತೀವಿ ಎಂದು ನಾವು ಹೇಳಿದೆವು. ಆಮೇಲೆ ಬೋರ್ಡ್ ಪರೀಕ್ಷೆ, ಕಾಲೇಜು, ನನ್ನ ಮಂಡಿನೋವು, ರೋಹಿಣಿಯ ಮನೆಯ ಸಾಲ... ಇವತ್ತು ನಾಳೆ ಎನ್ನುತ್ತ ವರ್ಷಗಳು ಹೋದವು.

ಲಿಫ್ಟಿನ ಎದುರು ವಾಸನೆ ಹಿಡಿದು ನಿಂತ ಆ ಸಂಜೆಯೇ ಹಳೇ ಡೈರಿ ತೆಗೆದು ಅವರ ಮಗನ ನಂಬರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ನಂಬರು ಅದೇ ಇತ್ತು. ಪಿತಾಜಿ ಹೋಗಿ ನಾಲ್ಕು ವರ್ಷವಾಯಿತು ಎಂದರು. ಅಯ್ಯೋ ಎಂದವಳೇ, ಯುಫೋನಿಯಂ ಗಂಡೋ ಹೆಣ್ಣೋ ಎಂದು ಮಾಸ್ಟರ್‌ಜೀಗೆ ಕೊನೆಗಾದರೂ ಗೊತ್ತಾಯಿತೇ ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ನಾನು ಕಥೆಯನ್ನೆಲ್ಲ ಹೇಳಿದೆ.

ಅವರು ಜೋರಾಗಿ ನಕ್ಕರು. "ಗೊತ್ತಿರ್ಲಿಲ್ವೇ? ಭಾಭೀಜೀ, ಪಿತಾಜಿ ಅದನ್ನ ಕರೀತಿದ್ದದ್ದೇ 'ಮೇರಾ ಬಡಾ ಬೇಟಾ' ಅಂತ. ನಮ್ಮನೇಲಿ ನಾನು ಎರಡನೇ ಮಗ."

ಭಾನುವಾರ ಪುಟ್ಟಿ ಗುರುಗ್ರಾಮದಿಂದ ಊಟಕ್ಕೆ ಬಂದಳು. ಈಗ ಆಟೋದವರ ಜೊತೆ ಜಗಳಕ್ಕೆ ನಿಂತರೆ ಅವರೇ ಕೈಮುಗಿಯಬೇಕು, ಅಂಥ ಹಿಂದಿ ಅವಳದು. ಮಾಸ್ಟರ್‌ಜೀ ಇಲ್ಲವೆಂದೆ. ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದ ಕೈ ನಿಂತಿತು. ಅವರು ಮಗುವಿಗಾಗಿ ಎಂಥ ಸುಳ್ಳು ಹೇಳಿದ್ದರು ನೋಡು ಎಂದು ಆ ಮಾತನ್ನೂ ಹೇಳಿದೆ.

"ನಂಗೆ ಗೊತ್ತಿತ್ತಮ್ಮ" ಎಂದಳು. "ಏಳನೇ ಕ್ಲಾಸಲ್ಲೇ ಗೊತ್ತಾಯ್ತು. ಒಂದಿನ ಅದರ ಗುಂಡಿ ಸಿಕ್ಕಾಕ್ಕೊಂಡಾಗ ಮರೆತು 'ಯುಫೋನಿಯಂ ಅಟಕ್ ಗಯಾ' ಅಂತ ಗಂಡು ಮಾಡಿ ಅಂದ್ಬಿಟ್ರು. ಆಮೇಲೆ ನನ್ ಮುಖ ನೋಡಿದ್ರು. ನಾನು ಕೇಳಿಸ್ಲೇ ಇಲ್ಲ ಅನ್ನೋ ಥರ ಊದ್ತಾ ಕೂತೆ. ಅವ್ರಿಗೆ ಬೇಜಾರಾಗ್ಬಾರ್ದಲ್ವಾ."

ಅವಳು ಕಣ್ಣೊರೆಸಿಕೊಂಡಳು.

"ದೊಡ್ಡವಳಾದ್ಮೇಲೆ ಒಂದ್ಸಲ ಹೋಗಿ ಹೇಳ್ಬೇಕಂತಿದ್ದೆ, ನಂಗೆ ಗೊತ್ತಿತ್ತು ಮಾಸ್ಟರ್‌ಜೀ ಅಂತ. ರೋಹ್ಟಕ್ ಎಷ್ಟು ದೂರ ಅಮ್ಮ ಇಲ್ಲಿಂದ?"

ರೈಲಿನಲ್ಲಿ ಒಂದೂವರೆ ಗಂಟೆ. ಅವಳಿಗೂ ಅದು ಗೊತ್ತಿತ್ತು.