ಕಲ್ಲಿನ ಮುಖಕ್ಕೆ ತಗಡು ಹೊದಿಸಿದವರು

ಹೋದ ವಾರ ಟೆಕ್ಸಸ್‌ನ ಆಸ್ಟಿನ್‌ನಲ್ಲಿರುವ ನಮ್ಮ ಬಡಾವಣೆಯಲ್ಲಿ ಯಾರದೋ ಹೊಸ ಮನೆಯ ಮುಂಗೋಡೆಗೆ ಸುಣ್ಣಕಲ್ಲು ಕೊಯ್ಯುತ್ತಿದ್ದರು. ಗರಗಸಕ್ಕೆ ನೀರು ಬಿಟ್ಟುಕೊಂಡು ಕೊಯ್ಯುವಾಗ ಏಳುವ ಆ ವಾಸನೆ... ಆಗತಾನೆ ಸುಣ್ಣ ಬಳಿದ ಹಸಿ ಗೋಡೆಯ ಹಾಗೆ, ಸ್ವಲ್ಪ ಒಗರು. ವಾಕಿಂಗ್ ಹೊರಟವನು ಅಲ್ಲೇ ನಿಂತುಬಿಟ್ಟೆ. ಈ ವಯಸ್ಸಿನಲ್ಲಿ ನಿಲ್ಲುವುದಕ್ಕೆ ಮಂಡಿನೋವೊಂದೇ ಸಾಕು. ಅವತ್ತು ನಿಲ್ಲಿಸಿದ್ದು ಮಾತ್ರ ಧಾರವಾಡದ ಎಂಜಿನಿಯರೊಬ್ಬರ ನೆನಪು.

ಎಪ್ಪತ್ತರ ದಶಕದ ಆರಂಭ. ನಾನು ಆಸ್ಟಿನ್‌ನಲ್ಲಿ ಓದುತ್ತಿದ್ದೆ. ಬೇಸಿಗೆ ರಜೆಯಲ್ಲಿ ನನಗೆ ನಕ್ಷೆ ಬರೆಯುವ ಕೆಲಸ ಕೊಟ್ಟವರು ಅವರು. ಕಟ್ಟಡ ಕೆಲಸದ ಅವರ ಕಂಪನಿಯ ಮುಖ್ಯ ಆಫೀಸು ಡಲ್ಲಾಸ್‌ನಲ್ಲಿತ್ತು. ಆಸ್ಟಿನ್‌ನ ಪುಟ್ಟ ಬ್ರಾಂಚಿನಲ್ಲಿ ಅವರೇ ಎಲ್ಲ. ನಾನು ಮೈಸೂರಿನವನು, ಅವರನ್ನು ‘ಸರ್’ ಅನ್ನುತ್ತಿದ್ದೆ. ಅವರು ನನ್ನನ್ನು ‘ತಮ್ಮಾ’ ಎಂದೇ ಕರೆದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ, ಇಲ್ಲಿನ ರೈತರು ದನಕ್ಕೆಂದು ಬೆಳೆಯುವ ಜೋಳವನ್ನು ಹುಡುಕಿ ತಂದು, ಕಾಫಿ ಬೀಜ ಪುಡಿ ಮಾಡುವ ಮಿಷನ್ನಿನಲ್ಲಿ ಬೀಸಿ ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿ ಅಂಚಿನಲ್ಲಿ ಹರಿದಿರುತ್ತಿತ್ತು. ನಮಗೆ ಅದೇ ಹಬ್ಬ.

ಆಗ ಟೆಕ್ಸಸ್‌ನ ಸಣ್ಣ ಊರುಗಳ ಮುಖ್ಯ ಬೀದಿಗಳಿಗೆ ಒಂದು ಹುಚ್ಚು ಹಿಡಿದಿತ್ತು. ಹೈವೇ ಪಕ್ಕ ಹೊಸ ಶಾಪಿಂಗ್ ಸೆಂಟರುಗಳೆದ್ದು ಗಿರಾಕಿಗಳೆಲ್ಲ ಅತ್ತ ಹೋಗಿದ್ದರು. ಹಳೆಯ ಅಂಗಡಿಯವರು ತಾವೂ ಹೊಸಬರಂತೆ ಕಾಣಬೇಕೆಂದು ಕಟ್ಟಡದ ಮುಖಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಿಕೊಳ್ಳುತ್ತಿದ್ದರು. ಆ ಬೇಸಿಗೆ ಆಸ್ಟಿನ್ ಹತ್ತಿರದ ಜಾರ್ಜ್‌ಟೌನಿನ ಮುಖ್ಯ ಬೀದಿಯಲ್ಲಿ ನಮಗೆ ಅದೇ ಕೆಲಸ. ಹಾರ್ಡ್‌ವೇರ್ ಅಂಗಡಿ, ಹಳೆಯ ಬ್ಯಾಂಕು, ಮೂಲೆಯಲ್ಲಿ ಔಷಧದಂಗಡಿ, ಎಲ್ಲವೂ ಎರಡಂತಸ್ತಿನ ಸುಣ್ಣಕಲ್ಲಿನವು. ನೆತ್ತಿಯ ಮೇಲೆ ಕೆತ್ತನೆಯ ಕಲ್ಲಂಚು, ನಡುವೆ ಕಟ್ಟಿಸಿದವನ ಹೆಸರು.

“ಕಲ್ಲಿಗೆ ತೂತು ಹಾಕಬ್ಯಾಡ ತಮ್ಮಾ, ಸಂದಿಯೊಳಗ ಬೋಲ್ಟ್ ಹಾಕಂಗ ಬರಿ,” ಎನ್ನುತ್ತಿದ್ದರು. “ನಾವು ಮುಚ್ಚಲಿಕ್ಕೆ ಬಂದೇವಿ, ಒಡೀಲಿಕ್ಕಲ್ಲ. ಮುಂದ ಯಾವಾಗರೆ ಬಿಚ್ಚವ್ರು ಬರ್ತಾರ.”

ಹಾರ್ಡ್‌ವೇರ್ ಅಂಗಡಿ, ಬ್ಯಾಂಕು ಹಾಗೆಯೇ ಮುಗಿದವು. ತೊಡಕಾದದ್ದು ಔಷಧದಂಗಡಿಯಲ್ಲಿ. ಅದರ ಕಲ್ಲಂಚು ಮೊಳದುದ್ದ ಮುಂದೆ ಚಾಚಿತ್ತು. ಅದನ್ನು ಒಡೆದು ಹಾಕಿ, ತಗಡು ಪಕ್ಕದ ಅಂಗಡಿಯಷ್ಟೇ ಸಪಾಟಾಗಿ ಕೂರಬೇಕೆಂದು ಮಾಲೀಕ ಹಟ ಹಿಡಿದ. ಬಿಳಿಕೂದಲಿನ, ಮೆತ್ತನೆ ಮಾತಿನ ಮನುಷ್ಯ. ಸರ್ ಅವನಿಗೆ ಎಷ್ಟೋ ಹೇಳಿದರು, ಚೌಕಟ್ಟನ್ನೇ ಮುಂದಕ್ಕೆ ತರೋಣ, ಕಲ್ಲು ಒಳಗೆ ತನ್ನ ಪಾಡಿಗೆ ಇರಲಿ ಎಂದು. ಅವನು ಬೇಡವೆಂದು ತಲೆಯಾಡಿಸಿದ. “ನನ್ನ ಅಜ್ಜನ ಹೆಸರು ನೋಡಿ ಈಗ ಯಾರೂ ಒಳಗೆ ಬರುವುದಿಲ್ಲ,” ಎಂದ.

“ಹಂಗಾದ್ರ ಈ ಕೆಲಸ ನಾ ಮಾಡಂಗಿಲ್ಲ,” ಎಂದು ಸರ್ ದಾರಿಯಲ್ಲಿ ನನಗೆ ಹೇಳಿದರು. ಅವರ ಗ್ರೀನ್ ಕಾರ್ಡ್ ಅರ್ಜಿ ಕಂಪನಿಯ ಮೂಲಕ ಹೋಗಿತ್ತು. ಅಕ್ಕ ತುಂಬಿದ ಬಸುರಿ. ಕೆಲಸ ಹೋದರೆ ಊರಿಗೆ ವಾಪಸು. ಮಾಲೀಕನ ದೂರು ಮುಟ್ಟಿ ಡಲ್ಲಾಸ್‌ನಿಂದ ಕರೆ ಬಂದಾಗ, ಚೌಕಟ್ಟು ಮುಂದೆ ತಂದ ಹೊಸ ನಕ್ಷೆ ಸುತ್ತಿಕೊಂಡು ಒಬ್ಬರೇ ಡ್ರೈವ್ ಮಾಡಿಕೊಂಡು ಹೋದರು. ಅಕ್ಕ ಬಾಗಿಲಲ್ಲಿ ನಿಂತು, “ಸಿಟ್ಟು ಮಾಡ್ಕೋಬ್ಯಾಡ್ರಿ, ಸಮಾಧಾನದಿಂದ ಮಾತಾಡ್ರಿ,” ಎಂದಷ್ಟೇ ಹೇಳಿದರು.

ಮಾರನೆಯ ಮಧ್ಯಾಹ್ನ ಅವರು ನೇರವಾಗಿ ಜಾರ್ಜ್‌ಟೌನಿಗೇ ಬಂದರು. ಕಾರಿನಿಂದ ಇಳಿಯುವಾಗ ನಗುತ್ತಿದ್ದರು. “ಡಲ್ಲಾಸಿನವ್ರು ಒಪ್ಪಿದ್ರೋ ತಮ್ಮಾ! ಮಾಲೀಕಗ ತಾವೇ ಹೇಳ್ತಾರಂತ...” ಅಷ್ಟರಲ್ಲಿ ಅವರ ಕಣ್ಣು ಮೇಲೆ ಹೋಯಿತು.

ಅಂಚು ಇರಲಿಲ್ಲ. ಬೆಳಿಗ್ಗೆಯೇ ಮಾಲೀಕ ಕಾಯಲಾರದೆ ಬೇರೆ ಆಳುಗಳನ್ನು ಕರೆಸಿ ಸುತ್ತಿಗೆ ಹಾಕಿಸಿದ್ದ. ಸರ್ ಬರಲಿ ಎಂದು ನಾನು ಅಂದದ್ದನ್ನು ಆ ಸದ್ದಿನಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಫುಟ್‌ಪಾತಿನ ತುಂಬ ಬಿಳಿ ಪುಡಿ. ಹೆಸರಿನ ಕಲ್ಲು ಎರಡು ಹೋಳಾಗಿ ಬಿದ್ದಿತ್ತು. ಅದರ ಪಕ್ಕ ಮಾಲೀಕ ನಿಂತಿದ್ದ.

“ಹೆಸರಿನ ಕಲ್ಲನ್ನು ಒಡೆಯಿರಿ ಅಂತ ನಾನು ಹೇಳಿರಲಿಲ್ಲ...” ಎಂದ.

ಬೈಯುತ್ತಾರೆಂದುಕೊಂಡಿದ್ದೆ. ಸರ್ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಆ ಮುದುಕನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಇಬ್ಬರೂ ಸೇರಿ ಹೋಳುಗಳನ್ನು ಒಳಗೆ ಸಾಗಿಸಿದರು. ಮುಂದಿನ ವಾರ ತಗಡೂ ಏರಿತು. ಅಂಚಿಲ್ಲದ ಗೋಡೆಗೆ ಅದು ಸಪಾಟಾಗಿಯೇ ಕೂತಿತು.

ಗ್ರೀನ್ ಕಾರ್ಡ್ ಬಂದಿತು, ಮಗಳೂ ಹುಟ್ಟಿದಳು. ಆದರೆ ಅವರಿಗೆ ಆ ಕೆಲಸ ಸಾಕಾಗಿಹೋಗಿತ್ತು. ಹ್ಯೂಸ್ಟನ್ನಿಗೆ ಶಿಫ್ಟ್ ಆಗಿ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆಯೊಂದರಲ್ಲಿ ಪೈಪುಗಳ ಲೆಕ್ಕ ಹಾಕುವ ಕೆಲಸಕ್ಕೆ ಸೇರಿದರು. ಒಮ್ಮೆ ಹೋಗಿದ್ದಾಗ, ಹೇಗಿದೆ ಸರ್ ಎಂದು ಕೇಳಿದೆ. “ಪೈಪಿಗೆ ಮುಖ ಇರಂಗಿಲ್ಲ ನೋಡು, ಆರಾಮ ಅದ,” ಎಂದರು. ಆರಾಮಾಗಿದ್ದವರ ಮುಖವಲ್ಲ ಅದು.

ವರ್ಷಗಳ ಮೇಲೆ ಜಾರ್ಜ್‌ಟೌನಿನವರು ತಗಡುಗಳನ್ನೆಲ್ಲ ಬಿಚ್ಚಿಸಿದರು. ಬ್ಯಾಂಕು, ಹಾರ್ಡ್‌ವೇರ್ ಅಂಗಡಿ ಇಟ್ಟ ಹಾಗೆಯೇ ಇದ್ದವು, ಕೆತ್ತನೆಯ ಒಂದು ಹೂವೂ ಮುಕ್ಕಾಗಿರಲಿಲ್ಲ. ಬಂದು ನೋಡಿ ಸರ್ ಎಂದು ಫೋನ್ ಮಾಡಿದೆ. “ಬರ್ತೀನಿ ತಗೋ,” ಎಂದರು. ಬಂದ ಸುದ್ದಿಯೇ ಇಲ್ಲ... ಅವರು ತೀರಿಕೊಂಡ ಮೇಲೆ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ಅವರ ಮನೆಯಲ್ಲಿ ಅಕ್ಕ ಹೇಳಿದರು: “ಒಂದ ಸಲ ಹೋಗಿದ್ವಿ. ಮೂಲ್ಯಾಗಿನ ಔಷಧದಂಗಡಿ ಮುಂದ ಗಾಡಿ ನಿಲ್ಲಿಸಿದ್ರು, ಇಳೀಲೇ ಇಲ್ಲ. ಬ್ಯಾಂಕಿನ ಕಡೆ ನೋಡ್ರಿ ಅಂದೆ. ನಡಿ ಹೋಗೋಣು, ಅಂದ್ರು.”

ಕಲ್ಲು ಕೊಯ್ಯುವುದನ್ನು ನೋಡಿದ ದಿನ ಸಂಜೆ ನಾನು ಜಾರ್ಜ್‌ಟೌನಿನ ಆ ಬೀದಿಗೆ ಹೋದೆ. ಜನ ಫೋಟೋ ತೆಗೆದುಕೊಳ್ಳುತ್ತಿದ್ದರು. ಔಷಧದಂಗಡಿ ಈಗ ಕಾಫಿ ಅಂಗಡಿ. ನೆತ್ತಿಯಲ್ಲಿ ಬರೀ ಸಿಮೆಂಟಿನ ಪಟ್ಟಿ. ಒಳಗೆ ಕಿಟಕಿ ಪಕ್ಕ ಕೂತೆ. ಕಾಫಿ ತಂದ ಹುಡುಗಿ, ಈ ಬೀದಿಯ ಹಳೆಯ ಕಟ್ಟಡಗಳು ಎಷ್ಟು ಚೆಂದ ಅಲ್ಲವೇ ಎಂದಳು.

ಹೌದು ಎಂದೆ. ಮಿಕ್ಕದ್ದನ್ನೆಲ್ಲ ಹೇಳುವಷ್ಟು ಕಸುವಿರಲಿಲ್ಲ. ಕೇಳಬೇಕಾದವರು ಹೋಗಿ ಬಹಳ ಕಾಲವಾಗಿತ್ತು.